ಗಂಜಿ ಕೇಳಿದ ತಪ್ಪಿಗೆ

ರಾಯಚೂರು

“ಮಾನ್ವಿ ಕಡಿ ಮಂದಿಗೆ ನೆಗಡಿನ ಬರಂಗಿಲ್ಲೇನ್ರಿ, ಡಾಕ್ಟ್ರೇ?”

ವಿಡಿಯೊ ಸಭೆಯಲ್ಲಿ ಮೇಲಧಿಕಾರಿಯೊಬ್ಬರು ಹೀಗೆ ಕೇಳಿದಾಗ ಪರದೆಯ ಮೇಲಿನ ಮುಖಗಳೆಲ್ಲ ನಕ್ಕವು. ನಾನೂ ನಕ್ಕೆ. ಅವರೂ ನಮ್ಮ ಸೀಮೆಯವರೇ, ಚುಚ್ಚಬೇಕೆಂದು ಅಂದದ್ದಲ್ಲ. ಆದರೆ ನಗು ನಿಂತ ಮೇಲೆ ಹೇಳಿದ ಮಾತು ಮಾತ್ರ ತಮಾಷೆಯದಾಗಿರಲಿಲ್ಲ. ಬರುವ ಮಳೆಗಾಲದಲ್ಲೂ ನಮ್ಮಿಂದ ಸರಿಯಾದ ಮಾದರಿಗಳು ಬರದಿದ್ದರೆ ನಮ್ಮನ್ನು ಕೈಬಿಟ್ಟು ಬೇರೆ ಊರನ್ನು ಸೇರಿಸಿಕೊಳ್ಳುವುದಾಗಿ ಹೇಳಿದರು.

ನಾನು ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯ ವೈದ್ಯೆ. ಮನೆ ರಾಯಚೂರಿನಲ್ಲಿ, ಓಡಾಟ ಕೆಂಪು ಬಸ್ಸಿನಲ್ಲಿ. ಮಳೆಗಾಲದಲ್ಲೊಮ್ಮೆ, ಚಳಿ ಮುಗಿಯುವಾಗೊಮ್ಮೆ ಬಂದುಹೋಗುವ ಫ್ಲೂ ಜ್ವರದ ಮೇಲೆ ಕಣ್ಣಿಡಲು ದೇಶದ ತುಂಬ ಕೆಲವು ಆಸ್ಪತ್ರೆಗಳನ್ನು ಆರಿಸಿಕೊಂಡಿದ್ದಾರೆ. ಜ್ವರ, ಕೆಮ್ಮು ಎಂದು ಬಂದವರಲ್ಲಿ ಕೆಲವರ ಮೂಗು ಗಂಟಲಿನಲ್ಲಿ ಕಡ್ಡಿ ಆಡಿಸಿ, ಅದನ್ನು ಐಸ್ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸುವುದು ನಮ್ಮ ಕೆಲಸ. ಈಗ ಯಾವ ವೈರಸ್ ಓಡಾಡುತ್ತಿದೆ, ಹೊಸದೇನಾದರೂ ಬಂತೇ, ಲಸಿಕೆಯಲ್ಲಿ ಏನು ಬದಲಾಗಬೇಕು ಎನ್ನುವುದೆಲ್ಲ ಅದರಿಂದ ಗೊತ್ತಾಗುತ್ತದೆ. ಸೋರುವ ಮನೆಯಲ್ಲಿ ಅಲ್ಲಲ್ಲಿ ಬೋಗುಣಿ ಇಟ್ಟ ಹಾಗೆ ಇದು. ನಮ್ಮ ಬೋಗುಣಿಗೆ ಮಾತ್ರ ಹನಿಯೇ ಬೀಳುತ್ತಿರಲಿಲ್ಲ. ಜನ ಆಸ್ಪತ್ರೆಗೆ ಬರುವುದು ಜ್ವರ ಹತ್ತಿ ವಾರ ಕಳೆದ ಮೇಲೆ. ಅಷ್ಟೊತ್ತಿಗೆ ವೈರಸ್ಸು ಮೂಗು ಖಾಲಿ ಮಾಡಿಕೊಂಡು ಹೋಗಿರುತ್ತದೆ. ಹಳ್ಳಿಗಳಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಯಾರ ಮನೆಯಲ್ಲೂ ಏನೂ ಇಲ್ಲ ಅನ್ನುತ್ತಿದ್ದರು.

ಏನೂ ಇಲ್ಲ ಎನ್ನುವುದು ಸುಳ್ಳು ಎಂದು ನನಗೆ ಗೊತ್ತಿತ್ತು. ಹಿಂದಿನ ಶ್ರಾವಣದಲ್ಲಿ ದೇವದುರ್ಗದ ಕಡೆಯ ಬಸುರಿ ಹೆಣ್ಣುಮಗಳು ನೀಲಮ್ಮ ಉಸಿರು ಸಿಗದೆ ನಮ್ಮಲ್ಲಿಗೆ ಬಂದಿದ್ದಳು. ಆ ಸೀಮೆಯಲ್ಲಿ ಫ್ಲೂ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ಅದನ್ನು ಅನುಮಾನಿಸಿರಲಿಲ್ಲ. ಮೊದಲ ಒಂದೆರಡು ದಿನದಲ್ಲಿ ಸಿಗಬೇಕಾದ ಮಾತ್ರೆ ಸಿಕ್ಕಾಗ ತಡವಾಗಿತ್ತು. ರಾಯಚೂರಿನಲ್ಲಿ ಬಹಳ ದಿನ ಮಲಗಿದ ಮೇಲೆ ನೀಲಮ್ಮ ಉಳಿದಳು, ಹೊಟ್ಟೆಯೊಳಗಿನ ಕೂಸು ಉಳಿಯಲಿಲ್ಲ. ಅವಳ ಮುಖ ನೆನಪಾದಾಗಲೆಲ್ಲ ನಮ್ಮ ಖಾಲಿ ಬೋಗುಣಿಯ ಮೇಲೆ ಸಿಟ್ಟು ಬರುತ್ತಿತ್ತು.

ಹಾಗಿರುವಾಗ ವಿಯೆಟ್ನಾಮಿನಲ್ಲಿ ಇದೇ ಕೆಲಸ ಮಾಡುವವರ ಜೊತೆ ಕೆಲವು ದಿನ ಇದ್ದು ಬರುವ ಅವಕಾಶ ಬಂತು. ಮೇಲಧಿಕಾರಿಯೇ ನನ್ನ ಹೆಸರು ಕೊಟ್ಟಿದ್ದರು. ಅವ್ವನಿಗೆ ಹೇಳಿದರೆ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

“ನೆಗಡಿ ಕಲ್ಯಾಕ ಇಮಾನದಾಗ ಹೋಗಬೇಕೇನವ್ವಾ? ಮಳ್ಯಾಗ ನಿಂತ್ರ ಇಲ್ಲೇ ಬರತದ.”

ಅಂದಳೇ ಹೊರತು ಆ ರಾತ್ರಿಯಿಂದಲೇ ತಯಾರಿ ನಡೆಸಿದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಖಾರದ ಚಟ್ನಿಪುಡಿ, ಗುರೆಳ್ಳು ಪುಡಿ. ನನ್ನ ಸೀರೆಗಳಿಗಿಂತ ಹಿಂಡಿಯ ಗಂಟೇ ದೊಡ್ಡದಾಯಿತು.

ಹನೋಯ್

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ಹುಡುಗ ಆ ಗಂಟನ್ನು ಬಿಚ್ಚಿಸಿದ. ಹಿಂಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದ. ಬೇಡಪ್ಪಾ ಅನ್ನುವಷ್ಟರಲ್ಲಿ ಸೀನು ಶುರುವಾಯಿತು. ಬ್ಯಾಡಗಿ ಮೆಣಸಿನಕಾಯಿಯೂ ಅಲ್ಲ ಅದು, ನಮ್ಮ ಅವ್ವನ ಕೈಯ ಗುಂಟೂರು ಖಾರ. ಕಣ್ಣೊರೆಸಿಕೊಳ್ಳುತ್ತ ಹೋಗು ಹೋಗು ಎಂದು ಕೈಬೀಸಿದ. ಫ್ಲೂ ಹುಡುಕಲು ಬಂದವಳು ಆ ದೇಶದಲ್ಲಿ ಮೊದಲು ಮಾಡಿದ ಕೆಲಸ ಒಬ್ಬ ಆರೋಗ್ಯವಂತನನ್ನು ಸೀನಿಸಿದ್ದು.

ಹೊರಗೆ ಚಳಿ. ನಾನು ಹೊರಟಾಗ ರಾಯಚೂರಿನಲ್ಲಿ ಬಿಸಿಲು ಆಗಲೇ ನೆತ್ತಿ ಸುಡತೊಡಗಿತ್ತು. ವಿಯೆಟ್ನಾಂ ಅಂದರೆ ಸೆಕೆಯ ದೇಶ ಎಂದು ಯಾರೋ ಹೇಳಿದ್ದನ್ನು ನಂಬಿ ಬರೀ ಹತ್ತಿ ಸೀರೆ ತಂದಿದ್ದೆ. ಅಲ್ಲಿ ನೋಡಿದರೆ ಮಳೆಯೂ ಅಲ್ಲದ ಮಂಜೂ ಅಲ್ಲದ ತುಂತುರು ದಿನವಿಡೀ ಗಾಳಿಯಲ್ಲೇ ತೂಗಾಡುತ್ತದೆ. ಕೊಡೆ ಹಿಡಿದರೂ ಒದ್ದೆ, ಹಿಡಿಯದಿದ್ದರೂ ಒದ್ದೆ. ಗೋಡೆ, ನೆಲ, ದಿಂಬು, ಎಲ್ಲಕ್ಕೂ ತೇವ. ನಮ್ಮಲ್ಲಿ ಬಟ್ಟೆ ಒಣಗಿಸುವುದು ಒಂದು ಕೆಲಸ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲ್ಲಿನ ಹೋಟೆಲಿನ ಹೆಂಗಸು ನನ್ನ ಸೀರೆಯನ್ನು ಎತ್ತಿ ನೋಡಿ, ಇಷ್ಟುದ್ದ ಬಟ್ಟೆ ಒಣಗುವ ಹೊತ್ತಿಗೆ ನೀವು ಊರು ಸೇರಿರುತ್ತೀರಿ ಎಂದು ನಕ್ಕಳು.

ರಸ್ತೆ ದಾಟುವುದಕ್ಕೆ ಹೆದರಬೇಡಿ ಎಂದು ನಮ್ಮ ದುಭಾಷಿ ಹುಡುಗಿ ಲಿನ್ ಧೈರ್ಯ ಹೇಳಿದಳು. ಬೈಕುಗಳು ಹೊಳೆಯ ಹಾಗೆ ಬರುತ್ತವೆ, ನಾವು ನಿಲ್ಲದೆ ನಿಧಾನ ನಡೆದರೆ ಅವೇ ಸುತ್ತುಹಾಕಿ ಹೋಗುತ್ತವೆ. ನನ್ನ ಹಾಗೆಯೇ ಕಲಿಯಲು ಬಂದಿದ್ದ ನಮ್ಮ ಗುಂಪಿನ ಬೇರೆ ದೇಶದವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದರು. ರಾಯಚೂರಿನ ತೀನ್ ಕಂದೀಲು ವೃತ್ತದಲ್ಲಿ ಸಂತೆಯ ದಿನ ತಳ್ಳುಗಾಡಿ, ಟಂಟಂ ಆಟೊ, ಎಮ್ಮೆ ಎಲ್ಲವನ್ನೂ ದಾಟಿ ಬೆಳೆದವಳಿಗೆ ಇದ್ಯಾವ ಲೆಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ದಾಟಿಬಿಟ್ಟೆ. ಆ ದಿನದ ಮಟ್ಟಿಗೆ ನನ್ನ ಬಗ್ಗೆ ನನಗೇ ಬಹಳ ಅಭಿಮಾನವಾಯಿತು.

ಊಟದಲ್ಲಿ ಆ ಅಭಿಮಾನ ಇಳಿಯಿತು. ನಾನು ಶಾಕಾಹಾರಿ ಎಂದು ಲಿನ್ ಎಲ್ಲ ಕಡೆ ಹೇಳುತ್ತಿದ್ದಳು. ಅವರೂ ಅಕ್ಕರೆಯಿಂದ ಸೊಪ್ಪು, ಸೋಯಾ ಪನೀರು ತಂದಿಡುತ್ತಿದ್ದರು. ಮೇಲೆ ಮೀನಿನ ರಸ ಸುರಿದೇ ತರುತ್ತಿದ್ದರು. ಅದು ಅವರಿಗೆ ಮೀನಲ್ಲ, ಉಪ್ಪು. ಸಿಟ್ಟು ಮಾಡುವ ಹಾಗಿಲ್ಲ. ನಮ್ಮಲ್ಲೂ ಖಾರ ಬೇಡ ಅಂದವರಿಗೆ, ಇದರಲ್ಲಿ ಖಾರವೇ ಇಲ್ಲ ಎಂದು ಹಸಿಮೆಣಸಿನಕಾಯಿ ಚಟ್ನಿ ಬಡಿಸುತ್ತೇವಲ್ಲ.

ಗದ್ದೆಗಳ ಊರು

ಮರುದಿನ ನಮ್ಮನ್ನು ಹಳ್ಳಿಗೆ ಕರೆದೊಯ್ದರು. ಊರಿನ ಹೆಸರು ಎಷ್ಟು ಸಲ ಕೇಳಿದರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಆದರೆ ಬಸ್ಸಿನಿಂದ ಇಳಿದ ಕೂಡಲೇ ಊರು ಗುರುತು ಸಿಕ್ಕಿತು. ಕಾಲುವೆ, ಕಾಲುವೆಯಿಂದ ತೂಬು, ತೂಬಿನಾಚೆ ನೀರು ನಿಂತ ಗದ್ದೆ, ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುತ್ತಿರುವ ಹೆಂಗಸರು. ತಲೆಯ ಮೇಲಿನ ಬಿದಿರಿನ ಟೋಪಿ ತೆಗೆದು ಸೆರಗು ಹೊದಿಸಿದರೆ ನಮ್ಮ ಆಸ್ಪತ್ರೆಗೆ ಸೇರಿದ ಹಳ್ಳಿ ಮಲ್ಲಟದ ದಾರಿಯೇ. ಇಷ್ಟು ದೂರ ಬಂದು ನಾಟಿ ಹಚ್ಚುವುದನ್ನು ನೋಡಿ ನನಗೆ ಆದ ಸಂತೋಷ ಲಿನ್‌ಗೆ ಅರ್ಥವಾಗಲಿಲ್ಲ.

ಅಲ್ಲಿನ ಆರೋಗ್ಯ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಹ್ವಾ. ಗಿಡ್ಡ ಆಳು, ದೊಡ್ಡ ದನಿ, ಒಳಗೆ ಬಂದರೂ ಹೆಲ್ಮೆಟ್ ತೆಗೆಯುವುದನ್ನು ಮರೆಯುವವಳು. ಕೈಕುಲುಕಿದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ, ನಿನ್ನ ವಯಸ್ಸೆಷ್ಟು. ನನಗೆ ಮುಖ ಗಂಟಾಯಿತು. ಲಿನ್ ಗಡಿಬಿಡಿಯಿಂದ ವಿವರಿಸಿದಳು. ಅವರ ಭಾಷೆಯಲ್ಲಿ ನಾನು, ನೀನು ಎನ್ನಲು ಒಂದೇ ಮಾತಿಲ್ಲ, ವಯಸ್ಸು ನೋಡಿ ಅಕ್ಕ, ತಂಗಿ, ಅತ್ತೆ ಎಂದು ತೀರ್ಮಾನವಾದ ಮೇಲೆಯೇ ಮಾತು ಮುಂದುವರಿಯುವುದು. ನಮ್ಮಲ್ಲಿ ಯಾವ ಊರು, ಯಾರ ಪೈಕಿ ಎಂದು ಕೇಳದೆ ಚಹಾ ಸಹ ಕೊಡದಿರುವುದು ನೆನಪಾಗಿ ಸುಮ್ಮನಾದೆ. ವಯಸ್ಸು ಹೇಳಿದೆ. ಆಕೆ ದೊಡ್ಡವಳು, ಅಕ್ಕನಾದಳು. ಅಕ್ಕನಿಗೆ ಅವರು ‘ಚಿ’ ಅನ್ನುತ್ತಾರೆ. ನಮ್ಮ ಕಡೆ ಒಬ್ಬ ಹೆಂಗಸನ್ನು ಹಾಗೆ ಕೂಗಿದರೆ ಮರ್ಯಾದೆಯಿಂದ ಮನೆ ಸೇರುವುದು ಕಷ್ಟ. ಅದಕ್ಕೇ ನಾನು ಕೊನೆಯವರೆಗೂ ಹ್ವಾ ಅಕ್ಕ ಎಂದೇ ಕರೆದೆ. ಆಕೆ ಆ ಶಬ್ದವನ್ನು ಕಲಿತು, ಫೋನ್ ಬಂದಾಗಲೂ ‘ಅಕ್ಕ, ಅಕ್ಕ’ ಎಂದು ತನ್ನನ್ನೇ ತಾನು ಕರೆದುಕೊಂಡು ನಗುತ್ತಿದ್ದಳು.

ಊರಿನ ಕಂಬಗಳಿಗೆಲ್ಲ ಧ್ವನಿವರ್ಧಕ. ಇನ್ನೂ ಕತ್ತಲಿರುವಾಗಲೇ ಅದು ಒದರಲು ಶುರು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾರ ಹಂದಿ ತಪ್ಪಿಸಿಕೊಂಡಿದೆ, ಆಮೇಲೆ ಹ್ವಾ ಅಕ್ಕನ ದನಿಯಲ್ಲಿ ಜ್ವರ ಕೆಮ್ಮಿನ ವಿಷಯ. ನಮ್ಮಲ್ಲಿ ಡಂಗುರ ಹೊಡೆಯುವವನಾದರೂ ಓಣಿ ದಾಟಿ ಮುಂದೆ ಹೋಗುತ್ತಾನೆ, ಈ ಕಂಬಕ್ಕೆ ಕಾಲಿಲ್ಲ. ಹಾಸಿಗೆಯಲ್ಲಿ ದಿಂಬು ಕಿವಿಗೆ ಒತ್ತಿಕೊಂಡು, ನಮ್ಮ ಮಾನ್ವಿಗೆ ಇಂಥದ್ದು ಬೇಡವೇ ಬೇಡ ಎಂದುಕೊಂಡೆ.

ಕೇಂದ್ರದಲ್ಲಿ ನೋಡಿದ್ದು ಮಾತ್ರ ಹೊಟ್ಟೆಕಿಚ್ಚು ಹುಟ್ಟಿಸಿತು. ಕಡ್ಡಿ ಅದೇ, ಐಸ್ ಡಬ್ಬಿ ಅದೇ. ಆದರೆ ಅವರಿಗೆ ಸಿಗುವ ರೋಗಿಗಳು ನಿನ್ನೆ ಜ್ವರ ಬಂದವರು, ಮೊನ್ನೆ ಬಂದವರು. ಇವರನ್ನೆಲ್ಲ ಇಷ್ಟು ಬೇಗ ಹೇಗೆ ಹಿಡಿಯುತ್ತೀರಿ ಎಂದು ಕೇಳಿದೆ. ಮನೆಮನೆಗೆ ಹೋಗುತ್ತೇವೆ, ಕೇಳುತ್ತೇವೆ ಅಂದಳು ಹ್ವಾ ಅಕ್ಕ. ನಾವೂ ಹೋಗುತ್ತೇವೆ, ನಾವೂ ಕೇಳುತ್ತೇವೆ. ಬಹುಶಃ ಇವರ ಜನ ಒಳ್ಳೆಯವರು, ನಮ್ಮವರು ಮೊಂಡರು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡೆ.

ಅದೇ ಊರು, ಜ್ವರ

ಹಳ್ಳಿಗೆ ಬಂದ ಮೂರನೆಯ ಬೆಳಿಗ್ಗೆ ಎದ್ದಾಗ ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗಿತ್ತು. ಗಂಟಲು ಕೆರೆಯುತ್ತಿತ್ತು. ತಲೆ ಎತ್ತಿದರೆ ಕಣ್ಣ ಹಿಂದೆ ನೋವು. ಒದ್ದೆ ಸೀರೆಯ ಪ್ರಭಾವ ಎಂದುಕೊಂಡು ಶಾಲು ಸುತ್ತಿಕೊಂಡು ಹೊರಟೆ. ಬಾಗಿಲಲ್ಲೇ ಲಿನ್ ಸಿಕ್ಕಳು. ಚೆನ್ನಾಗಿದ್ದೀರಾ ಅಂದಳು, ಚೆನ್ನಾಗಿದ್ದೇನೆ ಅಂದೆ. ಕೇಂದ್ರದಲ್ಲಿ ಹ್ವಾ ಅಕ್ಕ ಕೇಳಿದಳು, ಆಕೆಗೂ ಅದೇ ಉತ್ತರ. ಗುಂಪಿನವರೊಬ್ಬರು ನನ್ನ ಮುಖ ನೋಡಿ ನಿಜವಾಗಿಯೂ ಹುಷಾರಾಗಿದ್ದೀರಾ ಎಂದು ಒತ್ತಿ ಕೇಳಿದರು. ಆರಾಮ, ಆರಾಮ ಎಂದು ನಕ್ಕೆ. ಯಾರಾದರೂ ಕೇಳಿದರೆ ಆರಾಮ ಅನ್ನುವುದು ನಮಗೆ ರಕ್ತದಲ್ಲೇ ಬಂದದ್ದು. ಪರರ ಮನೆಯಲ್ಲಿದ್ದು ಇಲ್ಲ ಅನ್ನುವುದು ಹೇಗೆ? ಅವರಿಗೆ ತ್ರಾಸು ಕೊಟ್ಟ ಹಾಗೆ ಆಗುವುದಿಲ್ಲವೇ?

ಮಧ್ಯಾಹ್ನದ ಊಟ ಹ್ವಾ ಅಕ್ಕನ ಮನೆಯಲ್ಲಿ. ಅಲ್ಲಿ ಊಟಕ್ಕೆ ಮುಂಚೆ ಒಂದು ಚಂದದ ಪದ್ಧತಿ. ಚಿಕ್ಕವರು ಪ್ರತಿಯೊಬ್ಬ ಹಿರಿಯರನ್ನೂ ಒಬ್ಬೊಬ್ಬರಾಗಿ ಕರೆದು ಊಟ ಮಾಡಿ ಅನ್ನಬೇಕು, ಆಮೇಲೆಯೇ ತುತ್ತು ಎತ್ತಬೇಕು. ಆಕೆಯ ಅತ್ತೆ, ಆಕೆ, ಆಕೆಯ ಗಂಡ, ಎಲ್ಲರನ್ನೂ ಲಿನ್ ಕರೆದಳು. ಕೊನೆಗೆ ಅವರೆಲ್ಲ ನನ್ನ ಬಟ್ಟಲಿಗೆ ಏನೇನೋ ಹಾಕತೊಡಗಿದರು. ನನ್ನ ಸಲುವಾಗಿಯೇ ಮೀನಿನ ರಸವಿಲ್ಲದೆ ಮಾಡಿದ ಸೋಯಾ ಪನೀರು. ಇಷ್ಟು ದಿನ ಅದಕ್ಕೇ ಕಾಯುತ್ತಿದ್ದವಳು ಒಂದು ಚೂರು ಬಾಯಿಗಿಟ್ಟೆ, ನುಂಗಲಾಗಲಿಲ್ಲ. ಸೊಪ್ಪು ಬೇಯಿಸಿದ ಬಿಸಿನೀರನ್ನಷ್ಟೇ ಕುಡಿದೆ.

ಊಟ ರುಚಿಯಾಗಿಲ್ಲವೇನೋ ಎಂದು ಹ್ವಾ ಅಕ್ಕನಿಗೆ ಕಸಿವಿಸಿ. ನಿನಗೆ ಏನು ತಿನ್ನಬೇಕು ಅನ್ನಿಸುತ್ತದೆ ಹೇಳು, ಈಗಲೇ ಮಾಡಿಸುತ್ತೇನೆ ಅಂದಳು. ಜ್ವರದ ಮಂಪರಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅಕ್ಕಿ ನುಣ್ಣಗೆ ಬೇಯಿಸಿ, ಉಪ್ಪು ಹಾಕಿ, ನೀರು ನೀರು ಮಾಡಿ.

ಲಿನ್ ಅದನ್ನು ಒಂದೇ ಶಬ್ದದಲ್ಲಿ ಹೇಳಿದಳು. ಹ್ವಾ ಅಕ್ಕ ಊಟದ ಕಡ್ಡಿಗಳನ್ನು ಕೆಳಗಿಟ್ಟು, ಮೇಜು ಸುತ್ತಿ ಬಂದು, ನನ್ನ ಹಣೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಮನೆಯವರೆಲ್ಲ ಏಕಕಾಲಕ್ಕೆ ಮಾತಾಡತೊಡಗಿದರು. ಲಿನ್ ನಗು ತಡೆದುಕೊಂಡು ಹೇಳಿದಳು, “ಈ ಊರಲ್ಲಿ ಹುಷಾರಿಲ್ಲದವರು ಮಾತ್ರ ಗಂಜಿ ಕೇಳುವುದು. ನೀವು ಬೆಳಿಗ್ಗೆಯಿಂದ ನಮಗೆಲ್ಲ ಸುಳ್ಳು ಹೇಳಿದಿರಿ.”

ಆ ಮಧ್ಯಾಹ್ನ ನಾನು ಕೇಂದ್ರಕ್ಕೆ ಹೋದದ್ದು ರೋಗಿಯಾಗಿ. ಎಷ್ಟೋ ಜನರ ಮೂಗಿಗೆ ಕಡ್ಡಿ ಹಾಕಿ, ಏನೂ ಆಗುವುದಿಲ್ಲ ಸುಮ್ಮನಿರಿ ಎಂದು ಗದರಿದವಳು ನಾನು. ನನ್ನ ಮೂಗಿಗೆ ಬಂದಾಗ ಕುರ್ಚಿ ಸಮೇತ ಹಿಂದೆ ಸರಿದೆ. ಕಡ್ಡಿ ಮಿದುಳಿನ ತನಕ ಹೋದ ಹಾಗಾಯಿತು. ಹ್ವಾ ಅಕ್ಕ ತನ್ನ ಹೆಲ್ಮೆಟ್ಟಿನೊಳಗಿನಿಂದ ಗದರಿದ ಮಾತಿನ ಅರ್ಥ ನನಗೆ ದುಭಾಷಿಯಿಲ್ಲದೆಯೇ ಆಯಿತು. ಮಾತ್ರೆ ಕೊಟ್ಟು, ಮೂಗಿಗೆ ಮಾಸ್ಕ್ ಕಟ್ಟಿ, ಬೇರೆ ಕೋಣೆಯಲ್ಲಿ ಮಲಗಿಸಿದರು. ಸಂಜೆ ಆಕೆಯ ಅತ್ತೆ ನಿಂಬೆಹುಲ್ಲು, ಚಕ್ಕೋತದ ಎಲೆ ಕುದಿಸಿದ ಪಾತ್ರೆ ತಂದಿಟ್ಟು ತಲೆಯ ಮೇಲೆ ಕಂಬಳಿ ಹೊದಿಸಿದಳು. ಔಷಧ ಡಾಕ್ಟರದು, ಕಂಬಳಿ ಅತ್ತೆಯದು, ಇಬ್ಬರ ನಡುವೆ ಏನೂ ಜಗಳವಿಲ್ಲ. ಆಮೇಲೆ ಈರುಳ್ಳಿ ಸೊಪ್ಪು ಉದುರಿಸಿದ ಬಿಸಿ ಗಂಜಿ ಬಂತು. ಕದ್ದು ಅವ್ವನ ಶೇಂಗಾ ಹಿಂಡಿ ಬೆರೆಸಿಕೊಂಡು ಕುಡಿದೆ. ಅಷ್ಟು ಸುಖದ ಊಟ ಆ ಪ್ರವಾಸದಲ್ಲಿ ಇನ್ನೊಂದು ಸಿಗಲಿಲ್ಲ.

ಫಲಿತಾಂಶ ಫ್ಲೂ ಎಂದೇ ಬಂತು. ವಿಯೆಟ್ನಾಂ ದೇಶದ ಲೆಕ್ಕಕ್ಕೆ ನನ್ನ ಮೂಗೂ ಸೇರಿತು.

ಜ್ವರ ಇಳಿದ ಮೇಲೆ ಹ್ವಾ ಅಕ್ಕ ಮಂಚದ ಪಕ್ಕ ಕುಳಿತು ಹೇಳಿದಳು. ಅವರ ಜನರೂ ನನ್ನ ಹಾಗೆಯೇ. ನಾಟಿಯ ಕಾಲದಲ್ಲಿ ಹುಷಾರಿಲ್ಲ ಅಂದರೆ ಕೆಲಸಗಳ್ಳರು ಅನ್ನಿಸಿಕೊಳ್ಳುತ್ತೇವೆ ಎಂದು ಯಾರೂ ಬಾಯಿಬಿಡುವುದಿಲ್ಲ. ಕೊರೋನಾ ಕಾಲದಲ್ಲಿ ಜ್ವರ ಅಂದವರನ್ನು ಮನೆಯಿಂದ ಒಯ್ದದ್ದನ್ನೂ ಯಾರೂ ಮರೆತಿಲ್ಲ. ಅದಕ್ಕೆ ಆಕೆಯ ಕಡೆಯವರು ಬಾಗಿಲಲ್ಲಿ ನಿಂತು ಆರೋಗ್ಯ ಕೇಳುವುದನ್ನೇ ಬಿಟ್ಟಿದ್ದರು. ಏನು ಅಡುಗೆ ಎಂದು ಕೇಳುತ್ತಾರೆ. ಅಡುಗೆಯ ವಿಷಯದಲ್ಲಿ ಯಾವ ಹೆಂಗಸೂ ಸುಳ್ಳು ಹೇಳುವುದಿಲ್ಲ. ಗಂಜಿ ಅಂದರೆ ಯಾರಿಗೆ ಎಂದು ಕೇಳಿದರೆ ಆಯಿತು.

ಮಲಗಿದಲ್ಲೇ ನನಗೆ ನಮ್ಮೂರಿನ ಬಾಗಿಲುಗಳೆಲ್ಲ ಕಣ್ಣ ಮುಂದೆ ಬಂದವು.

ಮಾನ್ವಿ

ಊರಿಗೆ ಬಂದವಳೇ ಆಶಾ ಕಾರ್ಯಕರ್ತೆಯರ ಸಭೆ ಕರೆದೆ. ಮಲ್ಲಟದ ಶರಣಮ್ಮ ಅವರಲ್ಲಿ ಹಳಬಳು. ನೀನು ಮನೆಗೆ ಹೋದಾಗ ಹೇಗೆ ಕೇಳುತ್ತೀ, ಒಂದಿಷ್ಟು ಮಾಡಿ ತೋರಿಸು ಅಂದೆ.

“ಎಲ್ಲಾರೂ ಆರಾಮ ಅದೀರೇನ್ರಿ ಅಂತೀನ್ರಿ. ಆರಾಮ್ರಿ, ನೀವು ಆರಾಮೇನ್ರಿ ಅಂತಾರ್ರಿ. ನಾನೂ ಆರಾಮ ಅಂತೀನ್ರಿ. ಮುಂದಿನ ಮನಿಗೆ ಹೋಗ್ತೀನ್ರಿ.”

ಸಭೆ ನಕ್ಕಿತು. ಶರಣಮ್ಮನೂ ನಕ್ಕಳು. ನಾನು ಆಸ್ಪತ್ರೆಯಲ್ಲಿ ಕೇಳುವುದೂ ಅದನ್ನೇ ಎಂದು ಹೇಳಿದ ಮೇಲೆ ಇನ್ನೂ ಜೋರಾಗಿ ನಕ್ಕರು. ಎದುರಿಗೆ ಬಂದವರನ್ನು ಮಾತಾಡಿಸುವ ಮಾತನ್ನೇ ನಾವು ಇಷ್ಟು ದಿನ ರೋಗ ಹುಡುಕುವ ಪ್ರಶ್ನೆ ಮಾಡಿಕೊಂಡಿದ್ದೆವು. ಇನ್ನು ಮೇಲೆ ಅಡಿಗೆ ಏನು ಎಂದು ಕೇಳೋಣ, ಯಾರಿಗೆ ಬಾಯಿ ಕೆಟ್ಟಿದೆ ಎಂದು ಕೇಳೋಣ ಎಂದು ನನ್ನ ಜ್ವರದ ಕಥೆ ಹೇಳಿದೆ. ಶರಣಮ್ಮ ಕೈ ಎತ್ತಿದಳು.

“ಅಡಿಗಿ ಏನು ಅಂತ ಕೇಳಿದ್ರ ಉಣ್ಣಾಕ ಕುಂದರಸ್ತಾರ್ರಿ, ಮೇಡಂ. ದಿನಾ ಎಷ್ಟ್ ಮನ್ಯಾಗ ಉಣ್ಣಲ್ರಿ?”

ಆಕೆ ಹೇಳಿದ್ದು ನಿಜವೇ ಆಯಿತು. ಬೇಸಿಗೆಯಲ್ಲಿ ಪ್ರಯತ್ನ ಶುರು ಮಾಡಿದೆವು. ಹೊತ್ತು ಮುಳುಗುವುದರೊಳಗೆ ಮುಗಿಯುತ್ತಿದ್ದ ಓಣಿ ಮರುದಿನಕ್ಕೂ ಉಳಿಯತೊಡಗಿತು. ಒಬ್ಬಳು ರೊಟ್ಟಿ ಸಾಕಾಗಿ ನನ್ನ ಕೈಲಿ ಹೊಟ್ಟೆಯುಬ್ಬರದ ಮಾತ್ರೆ ಬರೆಸಿಕೊಂಡಳು. ಕೊನೆಗೆ ಉಪವಾಸ ಎಂದು ಹೇಳಿ ತಪ್ಪಿಸಿಕೊಳ್ಳುವುದನ್ನು ಅವರೇ ಕಂಡುಕೊಂಡರು. ಆಗ ಯಾವ ದೇವರಿಗೆ ಉಪವಾಸ ಎಂಬ ಮಾತುಕತೆ ಶುರುವಾಗಿ ಇನ್ನಷ್ಟು ಹೊತ್ತು ಹಿಡಿಯಿತು. ಜನರಿಗೆ ನಾವು ಒಂದು ಮಾತು ಕೊಟ್ಟೆವು. ಕಡ್ಡಿ ಮನೆಯಲ್ಲೇ ಹಾಕುತ್ತೇವೆ, ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ.

ಮಲ್ಲಟ

ಮಳೆ ಬಂತು, ಕಾಲುವೆಗೆ ನೀರು ಬಂತು, ನಾಟಿ ಶುರುವಾಯಿತು. ಈ ಸಲವೂ ಬೋಗುಣಿ ಖಾಲಿಯಾದರೆ ನಮ್ಮ ಸರದಿ ಮುಗಿಯಿತು. ದೇವದುರ್ಗದ ನೀಲಮ್ಮನಂಥವಳು ಮತ್ತೆ ಬಂದರೂ ಯಾರಿಗೂ ಏನೂ ಗೊತ್ತಿರುವುದಿಲ್ಲ.

ಒಂದು ಬೆಳಿಗ್ಗೆ ಶರಣಮ್ಮನ ಫೋನ್. “ಮೇಡಂ, ಈರಮ್ಮನ ಮನ್ಯಾಗ ಗಂಜಿ ಅದರಿ. ಮಗಳು ಗಂಗವ್ವಗಂತ. ಹೆರಿಗಿಗೆ ಬಂದಾಳ್ರಿ, ಬಸುರಿ. ರಾತ್ರಿಯಿಂದ ಮೈ ಸುಡಾಕತ್ತದ.”

ಜೀಪು ಕೆಸರಲ್ಲಿ ಎರಡು ಕಡೆ ಹೂತು ಹೊರಬಂತು. ಹೋದಾಗ ಗಂಗವ್ವ ಕೌದಿ ಹೊದ್ದು ಮಲಗಿದ್ದಳು, ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಕಡ್ಡಿ ಆಡಿಸಿದೆ. ಬಸುರಿಗೆ ಫಲಿತಾಂಶ ಬರುವ ತನಕ ಕಾಯಬಾರದು, ಮಾತ್ರೆಯನ್ನು ಅಲ್ಲಿಯೇ ಶುರು ಮಾಡಿದೆ. ಗಂಗವ್ವ ಕೇಳಿದ್ದು ಒಂದೇ ಮಾತು, ಕೂಸಿಗೆ ಏನೂ ಆಗುವುದಿಲ್ಲವಲ್ಲ ಎಂದು. ಆಗುವುದಿಲ್ಲ ಎಂದೆ. ಹೇಳುವಾಗ ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಲಿಲ್ಲ. ಅವತ್ತಿನಿಂದ ಶರಣಮ್ಮ ದಿನಾ ಹೋಗಿ ನೋಡಿ ಬಂದಳು.

ಮಾದರಿಯಲ್ಲಿ ಫ್ಲೂ ಸಿಕ್ಕಿತು. ಅದರ ಹಿಂದೆಯೇ ಮಲ್ಲಟದಿಂದ, ಪಕ್ಕದ ಹಳ್ಳಿಗಳಿಂದ ಇನ್ನಷ್ಟು ಸಿಕ್ಕವು. ಯಾರಿಗೋ ಜ್ವರ ಬಂದದ್ದಕ್ಕೆ ಹಿಗ್ಗುವ ವೈದ್ಯೆ ನಾನೊಬ್ಬಳೇ ಇರಬೇಕು. ಮೇಲಧಿಕಾರಿ ಫೋನ್ ಮಾಡಿ, ನಿಮ್ಮನ್ನು ಬಿಡುವುದಿಲ್ಲ, ಹಾಗೇ ಮುಂದುವರಿಸಿ ಅಂದರು. ಜಿಲ್ಲೆಯ ಆಸ್ಪತ್ರೆಗಳಿಗೆಲ್ಲ ಫ್ಲೂ ಓಡಾಡುತ್ತಿದೆ, ಬಸುರಿಯರಿಗೆ ಕೆಮ್ಮು ಜ್ವರ ಬಂದರೆ ತಡಮಾಡಬೇಡಿ ಎಂದು ಸೂಚನೆ ಹೋಯಿತು. ದೇವದುರ್ಗಕ್ಕೂ ಹೋಯಿತು.

ಗಂಗವ್ವನಿಗೆ ಹೆರಿಗೆಯಾದ ಮೇಲೆ ಕೂಸು ನೋಡಲು ಹೋದೆ. ಹೆಣ್ಣು ಕೂಸು, ತಲೆ ತುಂಬ ಕೂದಲು. ಈರಮ್ಮ ನನ್ನನ್ನು ಚಾಪೆಯ ಮೇಲೆ ಕೂರಿಸಿ ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿಕೊಟ್ಟಳು. ಒಲೆಯ ಮುಂದೆ ರೊಟ್ಟಿ ತಿರುವುತ್ತ, ನನ್ನ ಕಡೆ ನೋಡದೆ ಹೇಳಿದಳು.

“ಅವತ್ತು ಶರಣಮ್ಮ ಎಲ್ಲಾರೂ ಆರಾಮ ಅದೀರೇನು ಅಂತ ಕೇಳಿದ್ರ ನಾ ಆರಾಮ ಅಂತನ ಹೇಳತಿದ್ದೆ ನೋಡ್ರಿ. ತವರಿಗೆ ಬಂದ ಬಸುರಿ ಮಗಳಿಗೆ ಜ್ವರ ಅಂತ, ಬಾಗಿಲಾಗ ನಿಂತು ಯಾವ ತಾಯಿ ಹೇಳ್ತಾಳ್ರಿ?”

ಕೌದಿಯ ಮೇಲೆ ಕೂಸು ಕೈ ಬಡಿಯುತ್ತಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಈರಮ್ಮ ಖಾರ ಹತ್ತಿತೆಂದುಕೊಂಡು ನೀರಿನ ಚೆಂಬು ಮುಂದಿಟ್ಟಳು.